ಗಾಣ ತಿರುಗಿಸುವ ಮಹಂತ: ನಗುವ ಮೊದಲು ಒಂದು ಪ್ರಶ್ನೆ

ಕಲ್ಕತ್ತೆಯ ಹಳೆಯ ಚಿತ್ರವೊಂದಿದೆ. ದೊಡ್ಡ ದೇವಸ್ಥಾನವೊಂದರ ಮಹಂತ ಜೈಲಿನಲ್ಲಿ ಎಣ್ಣೆ ಗಾಣ ತಿರುಗಿಸ್ತಿದ್ದಾನೆ. ನಿನ್ನೆಯವರೆಗೆ ಜನ ಕಾಲಿಗೆ ಬೀಳ್ತಿದ್ದ ಸ್ವಾಮಿ ಇವತ್ತು ಕೈದಿ. ಈ ಚಿತ್ರದ ಪ್ರತಿಯೊಂದನ್ನು ನಾವು ಗೆಳೆಯರು ಕೂತು ನೋಡಿದಾಗ ಎಲ್ಲರಿಗೂ ನಗು ಬಂತು. ಪುರೋಹಿತಶಾಹಿಗೆ ಹಿಂಗೇ ಆಗಬೇಕು ಅಂತ ಒಬ್ಬರು ತೊಡೆ ತಟ್ಟಿದರು. ಆದರೆ ನಮ್ಮ ಪಕ್ಕದಲ್ಲೇ ಕೂತಿದ್ದ ಒಬ್ಬರು ನಗಲಿಲ್ಲ. ಅವರ ಅಪ್ಪ ಗಾಣ ಆಡಿಸಿದವರು. “ಇದ್ರಾಗೆ ನಗೋ ಅಂಥದ್ದು ಏನೈತೆ? ನಮ್ಮಪ್ಪ ದಿನಾ ಮಾಡ್ತಿದ್ದ ಕೆಲ್ಸನೇ ಅಲ್ವಾ ಇದು?” ಅಂದರು.

ನಾವು ಸುಮ್ಮನಾದೆವು. ಈ ಲೇಖನ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನ. ವಿಡಂಬನೆಯ ಚಿತ್ರವನ್ನು ಕೊರೆದವರು ಯಾರು, ಅಚ್ಚು ಹಾಕಿ ಮಾರಿದವರು ಯಾರು, ಕೊಂಡು ನಕ್ಕವರು ಯಾರು, ಆ ನಗು ಕೊನೆಗೆ ಯಾರ ಬೆನ್ನ ಮೇಲೆ ಬಿತ್ತು ಎಂಬುದನ್ನು ಕೇಳದೆ ಕಲೆಯ ವಿಮರ್ಶೆ ಬರೆಯುವುದು ನಮಗೆ ಸಾಧ್ಯವಿಲ್ಲ.

ಮೊದಲು ಕೊರೆದ ಕೈಯ ಕಥೆ. ಕಲ್ಕತ್ತೆಯ ಉತ್ತರಕ್ಕೆ, ಚಿತ್ಪುರ ರಸ್ತೆಯ ಆಸುಪಾಸಿನಲ್ಲಿ, ಬಟ್‌ತಲಾ ಅಂತ ಒಂದು ಜಾಗ. ಬಟ್‌ತಲಾ ಅಂದರೆ ಆಲದ ಮರದ ಕೆಳಗೆ ಅಂತ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಗಲ್ಲಿಗಳ ತುಂಬ ಸಣ್ಣ ಸಣ್ಣ ಅಚ್ಚುಕೂಟಗಳು. ಪಂಚಾಂಗ, ಪುರಾಣ, ಹಾಡಿನ ಪುಸ್ತಕ, ಪ್ರಹಸನ, ಗುಟ್ಟಾಗಿ ಓದುವ ಪುಸ್ತಕ ಎಲ್ಲವೂ ಅಲ್ಲಿಂದಲೇ. 1857ರ ಒಂದೇ ವರ್ಷದಲ್ಲಿ ಕಲ್ಕತ್ತೆಯಲ್ಲಿ ಮಾರಾಟಕ್ಕೆ ಅಚ್ಚಾದ ಬಂಗಾಳಿ ಪುಸ್ತಕಗಳ ಪ್ರತಿಗಳು 5 ಲಕ್ಷಕ್ಕೂ ಹೆಚ್ಚು ಅಂತ ಪಾದ್ರಿ ಜೇಮ್ಸ್ ಲಾಂಗ್ ಲೆಕ್ಕ ಹಾಕಿದ್ದಾನೆ. ಪುಸ್ತಕಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರುವವರಿದ್ದರು. ಇದು ವಿಶ್ವವಿದ್ಯಾಲಯ ಹುಟ್ಟಿಸಿದ ಸಾಹಿತ್ಯ ಅಲ್ಲ, ಬೀದಿ ಹುಟ್ಟಿಸಿದ್ದು.

ಈ ಪುಸ್ತಕಗಳಿಗೆ ಚಿತ್ರ ಬೇಕಿತ್ತು. ಚಿತ್ರ ಇದ್ದರೆ ಓದು ಬಾರದವನೂ ಕೈಗೆತ್ತಿಕೊಳ್ತಾನೆ ಅನ್ನುವುದು ವ್ಯಾಪಾರಿಗೆ ಗೊತ್ತು. 1816ರಲ್ಲಿ ಗಂಗಾಕಿಶೋರ ಭಟ್ಟಾಚಾರ್ಯ ಎಂಬಾತ ಭಾರತಚಂದ್ರನ ‘ಅನ್ನದಾಮಂಗಲ’ವನ್ನು ಚಿತ್ರಸಹಿತ ಪ್ರಕಟಿಸಿದ. ಅಚ್ಚಾದ ಬಂಗಾಳಿ ಪುಸ್ತಕಗಳಲ್ಲಿ ಚಿತ್ರ ಬಂದದ್ದು ಅದರಲ್ಲೇ ಮೊದಲು. ಅದರ ಕೆಲವು ಚಿತ್ರಗಳ ಕೆಳಗೆ ರಾಮಚಂದ ರಾಯ್ ಕೊರೆದದ್ದು ಅಂತ ಹೆಸರಿದೆ. ಆಮೇಲೆ ಬಟ್‌ತಲಾದಲ್ಲಿ ಮರದಚ್ಚು ಕೊರೆಯುವವರ ದೊಡ್ಡ ಗುಂಪೇ ಬೆಳೆಯಿತು. ಚಿತ್ರಗಳ ಮೇಲೆ ಉಳಿದಿರುವ ಹೆಸರುಗಳನ್ನು ಓದಿ ನೋಡಿ: ಹೀರಾಲಾಲ್ ಕರ್ಮಕಾರ, ರಾಮಧನ ಸ್ವರ್ಣಕಾರ, ಮಾಧವಚಂದ್ರ ದಾಸ, ನೃತ್ಯಲಾಲ ದತ್ತ. ಕರ್ಮಕಾರ ಅಂದರೆ ಕಮ್ಮಾರ. ಸ್ವರ್ಣಕಾರ ಅಂದರೆ ಅಕ್ಕಸಾಲಿ. ಎಲ್ಲರೂ ಕಸುಬಿನ ಜಾತಿಯವರೇ ಅಂತ ನಾವು ಹೇಳೋದಿಲ್ಲ, ಮೇಲ್ಜಾತಿಯ ಹೆಸರುಗಳೂ ಅಲ್ಲಲ್ಲಿ ಇವೆ. ಆದರೆ ಕೈಚಳಕ ಬಂದದ್ದು ಎಲ್ಲಿಂದ ಅನ್ನುವುದರಲ್ಲಿ ಅನುಮಾನವಿಲ್ಲ. ಹಿತ್ತಾಳೆ ಪಾತ್ರೆಯ ಮೇಲೆ, ಬೆಳ್ಳಿ ಬಳೆಯ ಮೇಲೆ ಗೆರೆ ಎಳೆದ ಉಳಿಯೇ ಮರದ ಮೇಲೂ ಗೆರೆ ಎಳೆಯಿತು. ನಮ್ಮೂರಿನ ಸಂತೆಯಲ್ಲಿ ಪಾತ್ರೆ ಅಂಗಡಿ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊಂಡವರ ಹೆಸರು ಕೊರೆದುಕೊಡುವವನನ್ನು ನೆನಪಿಸಿಕೊಂಡರೆ ಸಾಕು. ಅವನೇ ಈ ಕಲೆಯ ಮೂಲಪುರುಷ.

ಆ ಕೆಲಸ ಎಂಥದು? ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಕೊರೆಯಬೇಕು. ಕಪ್ಪು ಬೇಕಾದ ಕಡೆ ಮರ ಉಳಿಯಬೇಕು, ಬಿಳಿ ಬೇಕಾದ ಕಡೆಯೆಲ್ಲ ಕೆತ್ತಿ ತೆಗೆಯಬೇಕು. ಮೀಸೆಯ ಒಂದು ಎಳೆ ಉಳಿಸಲು ಅದರ ಎರಡೂ ಪಕ್ಕ ಕೆತ್ತಬೇಕು. ಉಳಿ ಒಮ್ಮೆ ಜಾರಿದರೆ ಆ ಗೆರೆ ಹೋಯ್ತು, ಅಳಿಸಿ ಬರೆಯೋ ಹಾಗಿಲ್ಲ. ಅಚ್ಚಿನ ಎತ್ತರ ಮೊಳೆಯ ಎತ್ತರಕ್ಕೆ ಸರಿಯಾಗಿ ಕೂರಬೇಕು. ಆಗ ಮಾತ್ರ ಮೊಳೆ, ಚಿತ್ರ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು, ಒಂದೇ ಸಲ ಶಾಯಿ ಹಚ್ಚಿ, ಒಂದೇ ಒತ್ತಿಗೆ ಅಚ್ಚು ತೆಗೀಬಹುದು. ಮರದಚ್ಚು ಅಗ್ಗವಾದದ್ದು ಈ ಕಾರಣಕ್ಕೆ. ತಾಮ್ರದ ತಗಡಿನ ಚಿತ್ರಕ್ಕೆ ಬೇರೆ ಪ್ರೆಸ್ಸು ಬೇಕು, ಕಲ್ಲಚ್ಚಿಗೆ ಬೇರೆ ಕಲ್ಲು ಬೇಕು. ಮರದಚ್ಚು ಮೊಳೆಯ ಒಡಹುಟ್ಟಿದ್ದು. ಅಗ್ಗವಾದ್ದರಿಂದ ಬೀದಿಗೆ ಬಂತು, ಬೀದಿಗೆ ಬಂದದ್ದರಿಂದ ಬಾಯಿ ಬಂತು.

ಮೊಳೆಯ ಮಾತು ಬಂದದ್ದರಿಂದ ನಮಗೂ ಸಂಬಂಧಪಟ್ಟ ಒಂದು ವಿಷಯ ಹೇಳಲೇಬೇಕು. 1778ರಲ್ಲಿ ಹೂಗ್ಲಿಯಲ್ಲಿ ಹಾಲ್‌ಹೆಡ್‌ನ ಬಂಗಾಳಿ ವ್ಯಾಕರಣ ಅಚ್ಚಾಯಿತು. ಅದಕ್ಕೆ ಬಂಗಾಳಿ ಮೊಳೆ ಮಾಡಿದ ವಿಲ್ಕಿನ್ಸ್ ಸಾಹೇಬನನ್ನು ಹಾಲ್‌ಹೆಡ್ ಮುನ್ನುಡಿಯಲ್ಲಿ ಹೊಗಳಿದ್ದಾನೆ. ಲೋಹದ ಕೆಲಸ, ಕೊರೆಯುವ ಕೆಲಸ, ಎರಕದ ಕೆಲಸ, ಅಚ್ಚಿನ ಕೆಲಸ ನಾಲ್ಕನ್ನೂ ಆತನೊಬ್ಬನೇ ಹೊತ್ತುಕೊಂಡ ಎಂಬ ಹೊಗಳಿಕೆ ಅದು. ಅವನ ಜೊತೆ ಕೂತು ಉಕ್ಕಿನ ಮೇಲೆ ಅಕ್ಷರ ಕೊರೆದ ಪಂಚಾನನ ಕರ್ಮಕಾರನ ಹೆಸರು ಅಲ್ಲಿಲ್ಲ. ಆ ಪಂಚಾನನ ಆಮೇಲೆ ಶ್ರೀರಾಮಪುರದ ಮಿಷನ್ ಪ್ರೆಸ್ಸಿಗೆ ಬಂದ. ಅವನ ನಂತರ ಅವನ ಅಳಿಯ ಮನೋಹರ ಕರ್ಮಕಾರ ದಶಕಗಳ ಕಾಲ ಆ ಕೆಲಸ ಮುಂದುವರಿಸಿದ. ಆ ಎರಕದ ಮನೆಯಿಂದ ಭಾರತದ ಹತ್ತಾರು ಭಾಷೆಗಳ ಮೊಳೆ ಹೊರಬಿತ್ತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅದೇ ಶ್ರೀರಾಮಪುರದಲ್ಲಿ. ಕನ್ನಡ ಮುದ್ರಣದ ಚರಿತ್ರೆ ಓದುವಾಗ ಕೇರಿಯ ಹೆಸರು ಬಾಯಿಗೆ ಬರುತ್ತೆ, ಕಮ್ಮಾರರ ಹೆಸರು ಬರೋದಿಲ್ಲ. ಅಕ್ಷರ ಯಾರಿಗೆ ನಿಷಿದ್ಧ, ಯಾರಿಗೆ ಹಕ್ಕು ಅಂತ ಶಾಸ್ತ್ರ ಹೇಳ್ತಾ ಇದ್ದ ಕಾಲದಲ್ಲಿ ಅಕ್ಷರವನ್ನು ಉಕ್ಕಿನಲ್ಲಿ ಕಡೆದವರು ಕುಲುಮೆಯ ಜನ. ಇದನ್ನು ನಮ್ಮ ಮೇಷ್ಟ್ರುಗಳು ಮಕ್ಕಳಿಗೆ ಹೇಳಬೇಕು.

ಈಗ ಆ ಕೈಗಳು ಕೊರೆದ ನಗುವಿಗೆ ಬರೋಣ. ಕಲ್ಕತ್ತೆಯಲ್ಲಿ ಆಗ ‘ಬಾಬು’ ಎಂಬ ಹೊಸ ಪ್ರಾಣಿ ಹುಟ್ಟಿತ್ತು. ಕಂಪನಿಯ ದಲ್ಲಾಳಿತನದಲ್ಲಿ, ಜಮೀನ್ದಾರಿಯಲ್ಲಿ ಅಪ್ಪ ಅಜ್ಜ ಗಳಿಸಿದ್ದನ್ನು ಮಗ ಕರಗಿಸ್ತಿದ್ದ. ಅರ್ಧ ಸಾಹೇಬ, ಅರ್ಧ ನವಾಬ. ಕಾಳಿಘಾಟಿನ ದೇವಸ್ಥಾನದ ಬಳಿ ಪಟುವಾ ಜನ ಕುಂಚದಲ್ಲಿ, ಬಟ್‌ತಲಾದವರು ಮರದಲ್ಲಿ ಈ ಬಾಬುವನ್ನು ಹಿಡಿದರು. ಕುರಿಯಾಗಿ ಸೂಳೆಯ ಹಿಂದೆ ಹೋಗುವ ಬಾಬು, ಹೆಂಡತಿಯ ಪೊರಕೆ ಏಟು ತಿನ್ನುವ ಬಾಬು. ಇನ್ನೊಂದು ಪ್ರಸಿದ್ಧ ಚಿತ್ರ: ಹಣೆಗೆ ನಾಮ ಹಾಕಿದ ಬೆಕ್ಕು, ಬಾಯಲ್ಲಿ ಸೀಗಡಿ. ಮಾಂಸ ಮುಟ್ಟದ ವೈಷ್ಣವ ಬೈರಾಗಿಯ ಬಣ್ಣ ಬಯಲು ಮಾಡಲು ಒಂದು ಅಕ್ಷರವೂ ಬೇಕಾಗಲಿಲ್ಲ. ನಮ್ಮಲ್ಲಿ ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕಿನ ಗಾದೆ ಇದೆಯಲ್ಲ, ಅದರದೇ ಬಂಗಾಳದ ಬಳಗ. ಈ ಬೆಕ್ಕನ್ನು ನಾವು ಪೂರ್ತಿಯಾಗಿ ಮೆಚ್ಚುತ್ತೇವೆ. ಅದು ದೊಡ್ಡವರ ಕಪಟವನ್ನು ಅವರದೇ ಗುರುತಿನಿಂದ ಹಿಡಿಯುತ್ತೆ. ಕೆಳಗಿರುವ ಯಾರನ್ನೂ ತುಳಿಯೋದಿಲ್ಲ.

ಆದರೆ ಎಲ್ಲ ಚಿತ್ರವೂ ಈ ಬೆಕ್ಕಿನಂತಲ್ಲ. ಇಲ್ಲಿಂದ ನಮ್ಮ ತಕರಾರು.

1873ರ ತಾರಕೇಶ್ವರ ಪ್ರಕರಣವನ್ನು ನೋಡಿ. ಹೂಗ್ಲಿ ಜಿಲ್ಲೆಯ ತಾರಕೇಶ್ವರದ ಶಿವ ದೇವಸ್ಥಾನದ ಮಹಂತ ಮಾಧವಚಂದ್ರ ಗಿರಿ. 16 ವರ್ಷದ ಹುಡುಗಿ ಎಲೋಕೇಶಿ. ಗಂಡ ನಬೀನ್‌ಚಂದ್ರ ಕಲ್ಕತ್ತೆಯ ಸರ್ಕಾರಿ ಪ್ರೆಸ್ಸೊಂದರಲ್ಲಿ ನೌಕರ, ಹುಡುಗಿ ತವರಿನಲ್ಲಿ. ಮಕ್ಕಳಾಗುವ ಔಷಧಿಯ ನೆಪದಲ್ಲಿ ಅವಳನ್ನು ಮಹಂತನ ಬಳಿಗೆ ಕರೆದೊಯ್ದರು. ಮಹಂತ ಅವಳನ್ನು ಕೆಡಿಸಿದ. ಇದರಲ್ಲಿ ಹೆತ್ತವರ ಕೈವಾಡವೂ ಇತ್ತೆಂದು ಊರೇ ಮಾತಾಡಿತು. ಗಂಡ ಬಂದ, ತಿಳಿಯಿತು, ಅವಳನ್ನು ಕರಕೊಂಡು ಓಡಿಹೋಗಲು ನೋಡಿದ, ಮಹಂತನ ಕಡೆಯವರು ಬಿಡಲಿಲ್ಲ. ಕೊನೆಗೆ ಮೇ 27ರಂದು ಅವನು ಮೀನು ಹೆಚ್ಚುವ ಕತ್ತಿಯಿಂದ ಹೆಂಡತಿಯನ್ನೇ ಕಡಿದು ಕೊಂದ. ಜ್ಯೂರಿ ಅವನಿಗೆ ಆ ಹೊತ್ತಿನಲ್ಲಿ ಬುದ್ಧಿ ಕೆಟ್ಟಿತ್ತು ಎಂದು ಬಿಡಲು ಹೇಳಿತು. ಜಡ್ಜಿ ಒಪ್ಪಲಿಲ್ಲ. ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಮಹಂತನಿಗೆ 3 ವರ್ಷ ಜೈಲು, 2000 ರೂಪಾಯಿ ದಂಡ. ನಬೀನನನ್ನು ಬಿಡಬೇಕು ಅಂತ ಸಾವಿರಾರು ಜನ ಅರ್ಜಿ ಹಾಕಿದರು. 1875ರಲ್ಲಿ ಸರ್ಕಾರ ಬಿಟ್ಟಿತು.

ಇಡೀ ಬಂಗಾಳ ಹುಚ್ಚೆದ್ದಿತು. ನಾಟಕ, ಪ್ರಹಸನ, ಹಾಡು, ಪಟ, ಮರದಚ್ಚು ಒಂದರ ಮೇಲೊಂದು. ಎಲೋಕೇಶಿಯ ಹೆಸರಿನ ಸೀರೆ ಬಂತು, ಎಲೆಯಡಿಕೆ ಡಬ್ಬಿ ಬಂತು, ಮೀನು ಹೆಚ್ಚುವ ಕತ್ತಿಯೂ ಬಂತು. ಮಹಂತ ಜೈಲಿನಲ್ಲಿ ತೆಗೆದ ಎಣ್ಣೆಯಿಂದ ಮಾಡಿದ್ದು ಅಂತ ತಲೆನೋವಿನ ಮುಲಾಮು ಕೂಡ ಮಾರಿದರು! ವ್ಯಾಪಾರಕ್ಕೆ ನಾಚಿಕೆ ಇಲ್ಲ. ಹೆಣ್ಣಿನ ಹೆಣವನ್ನೂ ಅದು ಸರಕು ಮಾಡುತ್ತೆ.

ಈ ಚಿತ್ರಗಳನ್ನು ಸಾಲಾಗಿ ನೋಡಿದರೆ ಕಾಣುವುದೇನು? ಮಹಂತ ಎಲೋಕೇಶಿಗೆ ಔಷಧಿ ಕೊಡುವುದು, ಪಾನ್ ಕೊಡುವುದು. ನಬೀನ ಕತ್ತಿ ಎತ್ತುವುದು. ರುಂಡ ಬೇರೆ ಮುಂಡ ಬೇರೆ. ಮಹಂತ ಜೈಲಿನಲ್ಲಿ. ಇದರಲ್ಲಿ ಎಲೋಕೇಶಿ ಒಂದೋ ಅಲಂಕಾರ ಮಾಡಿಕೊಂಡ ಹೆಣ್ಣು, ಇಲ್ಲಾ ಕಡಿಸಿಕೊಂಡ ಹೆಣ್ಣು. ಅವಳಿಗೆ ಏನನ್ನಿಸಿತು ಎಂಬ ಚಿತ್ರ ಇಲ್ಲ. ಕೊಂದವನು ನಾಯಕನಾದ, ಸತ್ತವಳು ಪಾಠವಾದಳು. ಅದೇ ಬಟ್‌ತಲಾದ ‘ಘೋರ ಕಲಿ’ ಚಿತ್ರದಲ್ಲಿ ಗಂಡ ಹೆಂಡತಿಯನ್ನು ಹೆಗಲ ಮೇಲೆ ಹೊತ್ತು, ಹೆತ್ತ ತಾಯಿಯನ್ನು ಹಗ್ಗ ಕಟ್ಟಿ ಎಳಕೊಂಡು ಹೋಗ್ತಾನೆ. ಕಲಿಯುಗ ಬಂತು, ಹೆಂಗಸು ತಲೆ ಮೇಲೆ ಕೂತಳು ಅಂತ ಅದರ ಗೋಳು. ಕಲಿಯುಗದ ಬಗ್ಗೆ ಪುರಾಣದವರು ಹೇಳುತ್ತ ಬಂದದ್ದೂ ಇದನ್ನೇ: ಹೆಂಗಸು ಮಾತು ಕೇಳೋದಿಲ್ಲ, ಶೂದ್ರ ಮಾತು ಕೇಳೋದಿಲ್ಲ. ಉಳಿ ಕಮ್ಮಾರನದು, ಮಾತು ಪುರೋಹಿತನದು. ತನ್ನನ್ನು ತುಳಿಯುವ ಮಾತನ್ನೇ ತನ್ನ ಕೈಯಾರೆ ಕೊರೆದು ಕೊಡುವ ಈ ಸ್ಥಿತಿ ನಮಗೆ ಹೊಸದೇನಲ್ಲ.

ಈಗ ಗಾಣಕ್ಕೆ ಬರೋಣ. ಮಹಂತ ಗಾಣ ತಿರುಗಿಸುವುದು ನಗೆಯ ವಸ್ತು ಆಗೋದು ಯಾವಾಗ? ಗಾಣ ತಿರುಗಿಸುವುದು ಕೀಳು ಕೆಲಸ ಅಂತ ನೋಡುವವನೂ ಕೊರೆಯುವವನೂ ಮೊದಲೇ ಒಪ್ಪಿಕೊಂಡಿದ್ದಾಗ. ಒಪ್ಪದಿದ್ದರೆ ಆ ಚಿತ್ರದಲ್ಲಿರುವುದು ಎಣ್ಣೆ ತೆಗೆಯುತ್ತಿರುವ ಒಬ್ಬ ಮನುಷ್ಯ, ಅಷ್ಟೇ. ಮಹಂತನ ಪಾಪಕ್ಕೆ ಶಿಕ್ಷೆ ಅಂದರೆ ಅವನನ್ನು ಗಾಣಿಗನ ಮಟ್ಟಕ್ಕೆ ಇಳಿಸೋದು. ಹಾಗಾದರೆ ಗಾಣಿಗ ಯಾವ ಪಾಪ ಮಾಡಿ ಆ ಮಟ್ಟದಲ್ಲಿದ್ದಾನೆ? ಚಿತ್ರ ಈ ಪ್ರಶ್ನೆ ಕೇಳೋದಿಲ್ಲ. ಕೇಳದೆ ಇರೋದರ ಮೇಲೇ ಅದರ ನಗು ನಿಂತಿದೆ.

ಒಬ್ಬ ಸಂಗಾತಿ ನಮ್ಮೊಡನೆ ವಾದ ಮಾಡಿದರು. “ನೀವು ಅತಿ ಮಾಡ್ತೀರಿ. ಅದು ಜೈಲಿನ ಕಠಿಣ ಶಿಕ್ಷೆ, ನಿಜವಾಗಿ ನಡೆದದ್ದು. ಕೂತು ಉಣ್ಣುತ್ತಿದ್ದವನು ದುಡಿಯುವಂತಾಯಿತಲ್ಲ ಅಂತ ಬಡವರು ನಕ್ಕರು. ಅದು ನ್ಯಾಯದ ನಗು.” ಈ ಮಾತಿನಲ್ಲಿ ಹುರುಳಿದೆ. ಬ್ರಿಟಿಷರ ಜೈಲುಗಳಲ್ಲಿ ಕೈದಿಗಳಿಂದ ಗಾಣ ತಿರುಗಿಸುತ್ತಿದ್ದದ್ದು ನಿಜ. ಆ ಚಿತ್ರ ನೋಡಿದ ರೈತ, ಕೂಲಿಯವನು ಒಂದು ಕ್ಷಣ ಎದೆ ತಣ್ಣಗಾಗಿಸಿಕೊಂಡದ್ದೂ ನಿಜ ಇರಬೇಕು. ನಾವು ಆ ನಗುವನ್ನು ಕಿತ್ತುಕೊಳ್ಳಲು ಹೊರಟಿಲ್ಲ. ನಮ್ಮ ಪ್ರಶ್ನೆ ಇಷ್ಟೆ: ದುಡಿಮೆಯನ್ನು ಶಿಕ್ಷೆ ಮಾಡಿದವರು ಯಾರು? ಸರ್ಕಾರದ ಜೈಲು. ದುಡಿಮೆಯನ್ನು ಅವಮಾನ ಮಾಡಿದವರು ಯಾರು? ಜಾತಿ. ಚಿತ್ರಗಾರ ಇಬ್ಬರ ಮಾತನ್ನೂ ಹಾಗೇ ಎತ್ತಿಕೊಂಡು ಮಹಂತನ ತಲೆಗೆ ಕಟ್ಟಿದ. ಮಹಂತ ಮೂರು ವರ್ಷಕ್ಕೆ ಗಾಣ ಬಿಟ್ಟು ಹೊರಗೆ ಬರ್ತಾನೆ. ಗಾಣಿಗ ಎಂದು ಬರ್ತಾನೆ?

ಕಸುಬಿನವನಾದ ಕಮ್ಮಾರನೇ ಕಸುಬನ್ನು ಹಂಗಿಸುವ ಚಿತ್ರ ಯಾಕೆ ಕೊರೆದ? ಬಾಬಾಸಾಹೇಬರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜಾತಿಯಲ್ಲಿ ಮೇಲು ಕೀಳು ಅಂತ ಎರಡೇ ಮೆಟ್ಟಿಲಿಲ್ಲ. ಪ್ರತಿಯೊಬ್ಬನಿಗೂ ಮೇಲೊಬ್ಬ, ಕೆಳಗೊಬ್ಬ. ಮೇಲಿನವನ ಮೇಲೆ ಸಿಟ್ಟು, ಕೆಳಗಿನವನ ಮೇಲೆ ತಾತ್ಸಾರ. ಶ್ರೇಣೀಕೃತ ಅಸಮಾನತೆ ಅಂದರೆ ಇದೇ. ಅಕ್ಕಸಾಲಿ ಬ್ರಾಹ್ಮಣನನ್ನು ನೋಡಿ ನಗಬಲ್ಲ, ಆದರೆ ಗಾಣಿಗನ ಗಾಣವನ್ನು ತನ್ನ ಉಳಿಯ ತಮ್ಮ ಅಂತ ಕಾಣಲಾರ. ಅದರ ಜೊತೆಗೆ ಪೇಟೆ. ಯಾವ ಚಿತ್ರ ಹೋಗುತ್ತೋ ಅದನ್ನು ಕೊರೆಯಬೇಕು. ಇವತ್ತು ಬಾಬುವನ್ನು ಹಂಗಿಸೋದು, ನಾಳೆ ಅದೇ ಬಾಬುವಿಗೆ ಬೇಕಾದ ಲಕ್ಷ್ಮಿಯನ್ನು ಕೊರೆಯೋದು. ಹೊಟ್ಟೆಪಾಡು.

ಈ ಹೊಟ್ಟೆಪಾಡನ್ನು ಕೂಡ ಮೇಲಿನವರು ಉಳಿಸಲಿಲ್ಲ. ಬಟ್‌ತಲಾ ಅಂದರೆ ಹೊಲಸು ಅಂತ ಶಿಷ್ಟರು ಮೂಗು ಮುರಿದರು. 1856ರಲ್ಲಿ ಅಶ್ಲೀಲ ಪುಸ್ತಕ, ಚಿತ್ರ ಮಾರಬಾರದು ಅಂತ ಕಾಯಿದೆ ಬಂತು. 1873ರಲ್ಲಿ, ಎಲೋಕೇಶಿ ಸತ್ತ ವರ್ಷವೇ, ಅಶ್ಲೀಲತೆ ತೊಡೆಯಲು ಒಂದು ಸಂಘ ಹುಟ್ಟಿತು. ಮಠದಲ್ಲಿ ನಡೆದದ್ದಕ್ಕಿಂತ ಮರದಲ್ಲಿ ಕೊರೆದದ್ದು ಅಶ್ಲೀಲವಾಗಿ ಕಂಡಿತು! 1878ರಲ್ಲಿ ಸರ್ಕಾರಿ ಕಲಾಶಾಲೆಯಲ್ಲಿ ಕಲಿತವರು ಸೇರಿ ಕಲ್ಕತ್ತಾ ಆರ್ಟ್ ಸ್ಟುಡಿಯೋ ಶುರು ಮಾಡಿದರು. ಕಲ್ಲಚ್ಚಿನ ಬಣ್ಣಬಣ್ಣದ ದೇವರುಗಳು ಬಂದವು. ಆಮೇಲೆ ಜರ್ಮನಿಯಲ್ಲಿ ಅಚ್ಚಾದ ಹೊಳೆಯುವ ಪಟಗಳು ಹಡಗಿನಲ್ಲಿ ಬಂದವು. ಉಳಿ ಹಿಡಿದವರು ಪಂಚಾಂಗದ ಮೂಲೆಗೆ, ಜಾಹೀರಾತಿನ ಬ್ಲಾಕಿಗೆ ಸರಿದರು. ಕಸುಬು ಸತ್ತ ಮೇಲೆ ಅದೇ ಶಿಷ್ಟರ ಮೊಮ್ಮಕ್ಕಳು ಅದನ್ನು ಗಾಜಿನ ಹಿಂದಿಟ್ಟು, ‘ಮುಗ್ಧ ಜನಪದ ಕಲೆ’ ಅಂತ ಕರೆದರು. ಮುಗ್ಧ! ಸೀಗಡಿ ಕಚ್ಚಿದ ಬೆಕ್ಕಿಗೆ ನಾಮ ಹಾಕಿದವನು ಮುಗ್ಧನೇ? ಪೇಟೆಯ ನಾಡಿ ಹಿಡಿದು, ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಚಿತ್ರ ತಂದವನು ಮುಗ್ಧನೇ? ಮುಗ್ಧ ಅನ್ನೋದು ಹೆಸರು ಕೇಳದೆ ಹೊಗಳುವ ಉಪಾಯ.

ಮುಂದಿನ ಹೆಜ್ಜೆ ಗಗನೇಂದ್ರನಾಥ ಠಾಕೂರರದು. 1917ರಲ್ಲಿ ಅವರು ‘ಬಿರೂಪ ಬಜ್ರ’, ‘ಅದ್ಭುತ ಲೋಕ’ ಎಂಬ ಕಲ್ಲಚ್ಚಿನ ವ್ಯಂಗ್ಯಚಿತ್ರ ಸಂಪುಟಗಳನ್ನು ತಂದರು. ಅವರು ದೊಡ್ಡ ಮನೆತನದವರು, ಚಿತ್ರ ಹೋಗದಿದ್ದರೆ ಒಲೆ ಉರಿಯೋದಿಲ್ಲ ಎಂಬ ಚಿಂತೆ ಇಲ್ಲ. ಆ ಸ್ವಾತಂತ್ರ್ಯವನ್ನು ಅವರು ಚೆನ್ನಾಗಿಯೇ ಬಳಸಿದರು. ಜಾತಿಯನ್ನು ಬೀಸುಕಲ್ಲಿನ ರಾಕ್ಷಸನಾಗಿ ಮಾಡಿ, ಅದರ ಕೆಳಗೆ ಜನ ನುರಿಯುವುದನ್ನು ತೋರಿಸಿದರು. ಎಲ್ಲ ಭೋಗ ಮಾಡಿಯೂ ಪವಿತ್ರನಾಗೇ ಉಳಿಯುವ ಬ್ರಾಹ್ಮಣನನ್ನು ತೋರಿಸಿದರು. ಬಟ್‌ತಲಾ ಮುಟ್ಟದ ಬೇರನ್ನು ಅವರು ಮುಟ್ಟಿದರು ಎಂದು ಒಪ್ಪುತ್ತೇವೆ. ಆದರೂ ಒಂದು ಕೊರತೆ. ಬೀಸುಕಲ್ಲಿಗೆ ಸಿಕ್ಕವರಿಗೆ ಆ ಚಿತ್ರದಲ್ಲಿ ನುರಿಯೋದು ಬಿಟ್ಟು ಬೇರೆ ಕೆಲಸ ಇಲ್ಲ. ಬಟ್‌ತಲಾದಲ್ಲಿ ಕಸುಬಿನ ಕೈ ಇತ್ತು, ಜಾತಿಯ ಪ್ರಶ್ನೆ ಇರಲಿಲ್ಲ. ಜೋಡಾಸಾಂಕೋ ಮನೆಯಲ್ಲಿ ಪ್ರಶ್ನೆ ಇತ್ತು, ಆ ಕೈ ಇರಲಿಲ್ಲ.

ಇವೆರಡರ ಹತ್ತಿರ ಬಂದವರಲ್ಲಿ ಚಿತ್ತಪ್ರಸಾದ ಒಬ್ಬರು. ಹುಟ್ಟಿನಿಂದ ಭಟ್ಟಾಚಾರ್ಯ, ಜಾತಿ ಹೇಳುವ ಆ ಬಾಲವನ್ನು ಕಿತ್ತು ಬಿಸಾಕಿ ಬರೀ ಚಿತ್ತಪ್ರಸಾದ ಆದರು. 1943ರ ಬಂಗಾಳದ ಬರಗಾಲದಲ್ಲಿ ಮಿಡ್ನಾಪುರದಲ್ಲಿ ನಡೆದಾಡಿ ಬರೆದ ‘ಹಂಗ್ರಿ ಬೆಂಗಾಲ್’ ಪುಸ್ತಕವನ್ನು ಬ್ರಿಟಿಷ್ ಸರ್ಕಾರ ಹಿಡಿದು ಸುಟ್ಟಿತು. ಆಮೇಲೆ ಅವರು ಲಿನೋಲಿಯಂ ತುಂಡಿನಲ್ಲಿ ಕೊರೆದ ಚಿತ್ರಗಳನ್ನು ನೋಡಬೇಕು. ದುಡಿಯುವ ಮಕ್ಕಳು, ಕೂಲಿಗಳು, ರೈತರು. ಅಲ್ಲಿಯೂ ಸಿಟ್ಟಿದೆ. ಆದರೆ ಕೆಲಸದ ಮೇಲಲ್ಲ, ಆ ವಯಸ್ಸಿಗೆ ಆ ಕೆಲಸ ಹೊರಿಸಿದವರ ಮೇಲೆ. ಹೊರೆ ಹೊತ್ತವನು ನಗೆಪಾಟಲಾಗೋದಿಲ್ಲ.

ಈಗ ನಮ್ಮ ಅಂಗಳಕ್ಕೆ ಬರೋಣ. ಹನ್ನೆರಡನೆಯ ಶತಮಾನದಲ್ಲಿ ಮಾದಾರ, ಅಂಬಿಗರ, ನುಲಿಯ ಅಂತ ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡು ತಲೆಯೆತ್ತಿ ನಿಂತ ಜನರ ನಾಡು ಇದು. ಆದರೆ ನಮ್ಮ ಬೀದಿ ನಾಟಕಗಳಲ್ಲಿ, ಭಿತ್ತಿಪತ್ರಗಳಲ್ಲಿ ಏನು ಮಾಡ್ತಾ ಬಂದಿದ್ದೇವೆ? ಭ್ರಷ್ಟ ಮಂತ್ರಿಯ ಕೈಗೆ ಪೊರಕೆ ಕೊಟ್ಟು ಜನರನ್ನು ನಗಿಸಿದ್ದೇವೆ. ಪ್ರತಿಕೃತಿಗೆ ಚಪ್ಪಲಿ ಹಾರ ಹಾಕಿದ್ದೇವೆ, ಕತ್ತೆ ಮೇಲೆ ಕೂರಿಸಿದ್ದೇವೆ. ಚಪ್ಪಲಿ ಅವಮಾನ ಆದದ್ದು ಯಾಕೆ? ಅದು ಕಾಲಲ್ಲಿರೋದರಿಂದ ಮಾತ್ರ ಅಲ್ಲ, ಅದು ಚರ್ಮ, ಅದನ್ನು ಹೊಲಿದವನು ಇಂಥವನು ಅನ್ನೋದರಿಂದ. ಪೊರಕೆ ಅವಮಾನ ಆದದ್ದು ಅದನ್ನು ಹಿಡಿಯುವ ಕೈ ಯಾರದು ಅಂತ ಎಲ್ಲರಿಗೂ ಗೊತ್ತಿರೋದರಿಂದ. ಅಂಥ ಮೆರವಣಿಗೆಯಲ್ಲಿ ಕೂಗುತ್ತ ಹೋಗುವ ನಮ್ಮ ಹುಡುಗನ ಅಪ್ಪ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಚಪ್ಪಲಿ ಹೊಲಿಯುತ್ತ ಕೂತಿರಬಹುದು. ಅವರ ಮುಂದೆಯೇ ಆ ಹಾರ ಹಾದುಹೋಗುತ್ತೆ. ನೂರೈವತ್ತು ವರ್ಷದ ಹಿಂದಿನ ಕಮ್ಮಾರನ ತಪ್ಪನ್ನು ಎತ್ತಿ ಆಡುವ ಮೊದಲು ನಾವು ಇದಕ್ಕೆ ಉತ್ತರ ಕೊಡಬೇಕು.

ಹಾಗಂತ ವಿಡಂಬನೆ ಬೇಡ ಅನ್ನೋದಿಲ್ಲ. ಬಡವನ ಕೈಯಲ್ಲಿರುವ ಅಗ್ಗದ ಆಯುಧಗಳಲ್ಲಿ ಅದು ಒಂದು. ಬೆಕ್ಕಿನ ದಾರಿ ಇದೆ, ಗಾಣದ ದಾರಿ ಇದೆ. ದೊಡ್ಡವನನ್ನು ಅವನದೇ ನಾಮ, ಅವನದೇ ಶಾಲು, ಅವನದೇ ಲೆಕ್ಕಪುಸ್ತಕದಿಂದ ಹಂಗಿಸಿ. ನಮ್ಮ ಅಪ್ಪ ಅವ್ವನ ಕೆಲಸದಿಂದ ಹಂಗಿಸಬೇಡಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಲಿನೋಲಿಯಂ ಸಿಗೋದಿಲ್ಲ, ಮರದ ಹದ ಗೊತ್ತಿಲ್ಲ ಅಂತ ಕೂರಬೇಡಿ. ಹಳೇ ಹವಾಯಿ ಚಪ್ಪಲಿಯ ಅಟ್ಟೆ ತೊಳೆದು ಒಣಗಿಸಿ, ಚೂಪಾದ ಬ್ಲೇಡಿನಿಂದ ಕೊರೆದರೆ ಒಳ್ಳೆಯ ಅಚ್ಚಾಗುತ್ತೆ. ಬ್ಲೇಡು ಮಾತ್ರ ದೊಡ್ಡ ಮಕ್ಕಳ ಕೈಗೇ ಕೊಡಿ, ಪಕ್ಕದಲ್ಲಿ ನಿಂತಿರಿ. ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿದರೆ ಸಾಕು. ಮಕ್ಕಳಿಗೆ ಮೊದಲು ಅವರ ಮನೆಯ ಕಸುಬನ್ನೇ ಕೊರೆಯಲು ಹೇಳಿ: ಕುಲುಮೆ, ಮಗ್ಗ, ಗಾಣ, ರಂಪಿಗೆ, ಪೊರಕೆ. ಕೆಳಗೆ ಮಾಡಿದವರ ಹೆಸರು ತಪ್ಪದೆ ಹಾಕಿಸಿ. ಆಮೇಲೆ ಊರ ಗೌಡನನ್ನು ಕೊರೆಯಲಿ. ಅಚ್ಚಾದದ್ದನ್ನು ನಮಗೂ ಒಂದು ಪ್ರತಿ ಕಳಿಸಿ.